‘ಹ್ಯೂಮನ್ ಎರರ್’ ಅಂದರೆ ತಪ್ಪೋ, ದೋಷವೋ, ಕೈ ತಪ್ಪಿದ್ದೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಪಕ್ಕದ ಮನೆ ಹುಡುಗಿ ಮೈಸೂರಿನ ಮಂಡಕಳ್ಳಿಯಲ್ಲಿ ಸಣ್ಣ ವಿಮಾನ ಹಾರಿಸಲು ಕಲಿಯುತ್ತಿದ್ದಾಳೆ. ಅವಳ ಮಾತು ಕೇಳಿ ಸಣ್ಣ ವಿಮಾನಗಳ ಅಪಘಾತದ ಬಗ್ಗೆ ಬರೆಯಲು ಕೂತೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ‘ಹ್ಯೂಮನ್ ಎರರ್’ಗೆ ಕನ್ನಡದಲ್ಲಿ ಏನನ್ನೋಣ?

‘ಮಾನವ ದೋಷ’, ‘ಪೈಲಟ್ ತಪ್ಪು’ ಎರಡೂ ನನಗೆ ಹಿಡಿಸುತ್ತಿಲ್ಲ. ದೋಷ ಅಂದರೆ ಜಾತಕ ನೆನಪಾಗುತ್ತದೆ. ತಪ್ಪು ಅಂದರೆ ‘ಯಾರದು?’ ಅನ್ನುವ ಪ್ರಶ್ನೆ ಬೆನ್ನಿಗೇ ಬರುತ್ತದೆ. ನಾವು ದೇವರಿಗೂ ತಪ್ಪುಕಾಣಿಕೆ ಕಟ್ಟುವ ಜನ. ವಿಮಾನ ಅಪಘಾತದ ತನಿಖೆಯ ನಿಯಮ ಇದಕ್ಕೆ ತದ್ವಿರುದ್ಧ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) 13ನೇ ಅನುಬಂಧದ ಪ್ರಕಾರ ತನಿಖೆ ಇರುವುದು ಮುಂದಿನ ಅಪಘಾತ ತಡೆಯಲು, ಯಾರ ಮೇಲೂ ಹೊಣೆ ಹೊರಿಸಲು ಅಲ್ಲ.

ಅಮೆರಿಕದ ಹಾಡುಗಾರ ಜಾನ್ ಡೆನ್ವರ್ 1997ರಲ್ಲಿ ತೀರಿಕೊಂಡದ್ದು ಇಂಥ ಅಪಘಾತದಲ್ಲೇ. ಇಂಧನದ ಟ್ಯಾಂಕ್ ಬದಲಿಸುವ ಹಿಡಿ ಅವರ ಎಡ ಭುಜದ ಹಿಂದಿತ್ತು. ಅದನ್ನು ತಿರುಗಿಸಲು ಹೋಗಿ ಗಮನ ಆ ಕಡೆ ಹೊರಳಿತು, ವಿಮಾನ ಕೈಮೀರಿತು ಎಂದು ತನಿಖೆ ಹೇಳಿತು. ಜೊತೆಗೆ, ವಿಮಾನ ಕಟ್ಟಿದವರು ಆ ಹಿಡಿಯನ್ನು ಸುಲಭಕ್ಕೆ ಎಟುಕದ ಜಾಗದಲ್ಲಿ, ಗುರುತೂ ಹಾಕದೆ ಇಟ್ಟಿದ್ದನ್ನೂ ಕಾರಣಗಳಲ್ಲಿ ಸೇರಿಸಿತು. ಇದನ್ನು ಸುಮ್ನೆ ‘ಪೈಲಟ್ ತಪ್ಪು’ ಎಂದು ಬರೆದರೆ ಹಿಡಿಯ ಕಥೆಯೇ ಹೋಯಿತು, ಅಲ್ವಾ?

‘ತಪ್ಪು’ ನಾಮಪದವಾದಾಗ ಅಪರಾಧದ ವಾಸನೆ ಬರುತ್ತದೆ. ಕ್ರಿಯಾಪದವಾದಾಗ ಅಷ್ಟು ಬರುವುದಿಲ್ಲ. ಕೈ ತಪ್ಪುತ್ತದೆ, ಲೆಕ್ಕ ತಪ್ಪುತ್ತದೆ, ಆಯ ತಪ್ಪುತ್ತದೆ. ಇಲ್ಲೆಲ್ಲ ತಪ್ಪುವುದು ಕೈಯೋ ಲೆಕ್ಕವೋ, ಮನುಷ್ಯನಲ್ಲ. ಪಾಂಡವಪುರದ ಕಡೆ ನಮ್ಮ ಚಿಕ್ಕಪ್ಪನ ಆಲೆಮನೆಯಲ್ಲಿ ಪಾಕ ಕೆಟ್ಟರೆ ‘ಹದ ತಪ್ಪೋಯ್ತು ಕಣ್ಲಾ’ ಅನ್ನುತ್ತಿದ್ದರು. ಉರಿ ಜಾಸ್ತಿಯಾಯ್ತಾ, ಸುಣ್ಣ ಕಮ್ಮಿಯಾಯ್ತಾ ಎಂದು ಮೊದಲು ನೋಡುತ್ತಿದ್ದರು. ಬೈಗುಳವೂ ಇತ್ತು, ಆದರೆ ಆಮೇಲೆ.

ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಮಾಡಿದ ‘ಹ್ಯೂಮನ್ ಎರರ್’ ವಿಂಗಡಣೆಗೂ ಇದು ಹೊಂದುತ್ತದೆ. ರೆಕ್ಕೆಯ ಹಿಂಬದಿಯ ಫ್ಲಾಪ್ ಇಳಿಸುವ ಬದಲು ಚಕ್ರದ ಲಿವರ್ ಎಳೆದರೆ ಕೈತಪ್ಪು. ಇಳಿಯುವಾಗ ಚಕ್ರ ಬಿಡುವುದೇ ನೆನಪಾಗದಿದ್ದರೆ ಮರೆವು. ಮೋಡ ಬರುವಷ್ಟರಲ್ಲಿ ಊರು ಸೇರಬಹುದು ಅಂದುಕೊಂಡು ಹೊರಟು ನಡುವೆ ಸಿಕ್ಕಿಕೊಂಡರೆ ಲೆಕ್ಕತಪ್ಪು. ನಿಯಮ ಗೊತ್ತಿದ್ದೂ ಬೇಕೆಂದೇ ಮುರಿದರೆ? ಅದನ್ನು ತಪ್ಪು ಅಂತಲೇ ಕರೆಯಲಿ, ನನ್ನ ತಕರಾರಿಲ್ಲ.

ತೊಡಕು ಎರಡು. ‘ಕೈತಪ್ಪು’ವನ್ನು ರಾಜಕೀಯದವರು ಆಗಲೇ ಹಿಡಿದುಕೊಂಡಿದ್ದಾರೆ. ‘ಪೈಲಟ್‌ಗೆ ಕೈತಪ್ಪಿತು’ ಎಂದು ಬರೆದರೆ ಚುನಾವಣೆ ಟಿಕೆಟ್ ಅಂದುಕೊಂಡಾರು. ಇನ್ನೊಂದು, ಕೈತಪ್ಪು, ಮರೆವು, ಲೆಕ್ಕತಪ್ಪು ಮೂರನ್ನೂ ಸೇರಿಸಿ ಕರೆಯಲು ಒಂದೇ ಪದ ಬೇಕು. ‘ಎಡವಟ್ಟು’ ತಮಾಷೆಯಾಗುತ್ತದೆ, ‘ಪ್ರಮಾದ’ ಭಾರವಾಯಿತು. ನಿಮ್ಮ ಊರಿನ ಕಡೆ ಬಡಗಿಗಳು, ಲಾರಿ ಡ್ರೈವರ್‌ಗಳು ಬಯ್ಯದೆ ಹೇಳುವಾಗ ಏನನ್ನುತ್ತಾರೆ?