‘ಫ್ಲ್ಯಾಶಿ’ ಕಾಳಗಕ್ಕೆ ಕನ್ನಡದಲ್ಲಿ ಏನನ್ನೋಣ?

ಜಪಾನಿನ ರೋಲ್ ಪ್ಲೇಯಿಂಗ್ (ಕಥೆಯ ಪಾತ್ರವಾಗಿ ಆಡುವ) ವಿಡಿಯೋ ಗೇಮ್‌ಗಳ ಕಾಳಗಗಳನ್ನು ಹೋಲಿಸಿ ಒಂದು ಬರಹ ಬರೆಯುತ್ತಿದ್ದೇನೆ. ‘ಫ್ಲ್ಯಾಶಿ’ ಅನ್ನುವ ಒಂದೇ ಒಂದು ಪದದ ಹತ್ತಿರ ನಾಲ್ಕು ದಿನದಿಂದ ಗಾಡಿ ನಿಂತಿದೆ. ಮೊದಲು ‘ಆಡಂಬರದ ಕಾಳಗ’ ಎಂದು ಬರೆದೆ. ತಂಗಿ ಓದಿ, ‘ಏನಣ್ಣಾ, ಮದುವೆ ಮನೇಲಿ ಜಗಳನಾ?’ ಅಂದಳು. ಆ ಪದ ಹೊಡೆದು ಹಾಕಿದೆ.

‘ಝಗಮಗ’ ಬರೀ ಬೆಳಕಿನ ಮಾತು. ‘ಢಾಳು’ ಅಂದರೆ ಬೈದ ಹಾಗೆ. ಸೀರೆಯ ಬಣ್ಣ ಕಣ್ಣಿಗೆ ಹೊಡೆದಾಗ ಹೇಳುವ ಪದ ಅದು. ‘ಥಳುಕು’ ಅಂದ ಕೂಡಲೇ ಒಳಗೆ ಹುರುಳಿಲ್ಲ ಅನ್ನುವ ಅನುಮಾನ ಹುಟ್ಟುತ್ತದೆ. ಜಪಾನೀಯರಿಗೆ ಈ ಕಷ್ಟವಿಲ್ಲ. ಅವರ ‘ಹದೆ’ ಹೊಗಳೋಕೂ ಬರುತ್ತದೆ, ಮೂಗು ಮುರಿಯೋಕೂ ಬರುತ್ತದೆ. (ನಮ್ಮ ಬಿಲ್ಲಿನ ಹೆದೆಗೂ ಅದಕ್ಕೂ ನಂಟಿಲ್ಲ, ಬಿಡಿ.) ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯದಲ್ಲಿ ಹಳೆಯ ಕ್ರಮ ಮುರಿದು ನುಡಿಸುವ ಬಗೆಯಿಂದ ಈ ಪದ ಬಂತು ಅನ್ನುವ ವಿವರಣೆಯೂ ಇದೆ.

ಆದರೆ ಗೇಮ್‌ಗಳಲ್ಲಿ ಈ ಹದೆ ಒಂದೇ ಥರದ್ದಲ್ಲ. ನನ್ನ ತಕರಾರು ಇರೋದೇ ಅಲ್ಲಿ.

1997ರ ‘ಫೈನಲ್ ಫ್ಯಾಂಟಸಿ 7’ ನೋಡಿ. ಅದರಲ್ಲಿ ‘ನೈಟ್ಸ್ ಆಫ್ ದ ರೌಂಡ್’ ಎಂಬ ವೀರರ ದಂಡನ್ನು ಮಂತ್ರ ಹಾಕಿ ನೆರವಿಗೆ ಕರೆದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ವೀರರು ಒಬ್ಬೊಬ್ಬರಾಗಿ ಬಂದು ಒಂದೊಂದು ಏಟು ಹಾಕುತ್ತಾರೆ, ಒಟ್ಟು 13 ಏಟು. ಒಂದು ನಿಮಿಷಕ್ಕೂ ಜಾಸ್ತಿ ಹಿಡಿಯುತ್ತದೆ. ಮೂಲ ಆಟದಲ್ಲಿ ಅದನ್ನು ದಾಟಿಸಿ ಮುಂದೆ ಹೋಗುವ ದಾರಿಯೂ ಇಲ್ಲ. ಮೊದಲ ಸಲ ಬಾಯಿ ಬಿಟ್ಟುಕೊಂಡು ನೋಡಿದೆ. ಹತ್ತನೇ ಸಲದ ಹೊತ್ತಿಗೆ ಎದ್ದು ಹೋಗಿ ಕಾಫಿ ಬಿಸಿ ಮಾಡಿಕೊಂಡು ಬರುತ್ತಿದ್ದೆ. ಇದಕ್ಕೆ ‘ಒಡ್ಡೋಲಗ’ ಎಂದು ಬರೆದಿದ್ದೇನೆ. ಯಕ್ಷಗಾನದಲ್ಲೂ ದೊಡ್ಡ ವೇಷ ಬಂದು ಕುಣಿದು ಮುಗಿಸುವ ತನಕ ಕಥೆ ಕಾಯುತ್ತದೆ, ಅಲ್ವಾ?

‘ಟೇಲ್ಸ್’ ಸರಣಿಯದು ಇನ್ನೊಂದು ದಾರಿ. 1995ರ ಮೊದಲ ಆಟದಿಂದಲೇ ಅಲ್ಲಿ ಸರದಿಗೆ ಕಾಯುವ ಹಾಗಿಲ್ಲ. ಬೆರಳು ಆಡಿದ ಹಾಗೆ ಕತ್ತಿ ಆಡುತ್ತದೆ, ಏಟಿಗೆ ಏಟು ಪೋಣಿಸಿಕೊಳ್ಳುತ್ತದೆ. ‘ಕಿಂಗ್‌ಡಮ್ ಹಾರ್ಟ್ಸ್ 2’ರಲ್ಲಿ ಸರಿಯಾದ ಗಳಿಗೆಗೆ ಟ್ರಯಾಂಗಲ್ ಗುಂಡಿ ಒತ್ತಿದರೆ ಕಥಾನಾಯಕ ಸೋರಾ ಸಿನಿಮಾ ಹೀರೋ ಥರ ಹಾರುತ್ತಾನೆ. ಇಲ್ಲಿ ನೋಟ ನಮ್ಮ ಕೈಯಿಂದಲೇ ಹುಟ್ಟುತ್ತದೆ. ಹಾಗಾಗಿ ‘ಒಡ್ಡೋಲಗ’ ಒಗ್ಗುವುದಿಲ್ಲ. ಕತ್ತಿವರಸೆ, ದೊಣ್ಣೆವರಸೆ ಅನ್ನುತ್ತೇವಲ್ಲ, ಆ ‘ವರಸೆ’ ಸಾಕು. ಏಟುಗಳ ಸರಪಳಿಗೆ ಹೇಳುವ ‘ಕಾಂಬೊ’ಗೂ ಅದನ್ನೇ ಹಾಕಿದೆ.

‘ವರಸೆ’ ಇಟ್ಟುಕೊಂಡ ಮೇಲೆ ಇನ್ನೊಂದು ಪದ ತಾನಾಗಿ ಬಂತು. 1995ರ ‘ಕ್ರೋನೋ ಟ್ರಿಗರ್’ನಲ್ಲಿ ಇಬ್ಬರು ಸೇರಿ ಹೊಡೆಯುವ ಏಟುಗಳಿವೆ. ಕಥಾನಾಯಕ ಕ್ರೋನೋ ಒಂದು ಕಡೆಯಿಂದ, ಕಪ್ಪೆ ವೀರ ಇನ್ನೊಂದು ಕಡೆಯಿಂದ ನುಗ್ಗಿ ಶತ್ರುವನ್ನು ಕತ್ತರಿ ಹಾಕಿದ ಹಾಗೆ ಸೀಳುತ್ತಾರೆ. ಅದು ‘ಜಂಟಿ ವರಸೆ’. ಸಂಗೀತ ಪಾಠದ ಜಂಟಿ ವರಸೆಯನ್ನು ಸಸ ರಿರಿ ಗಗ ಎಂದು ಬೆಳಗ್ಗೆ ಎದ್ದು ಹಾಡಿದವರು ನನ್ನ ಮೇಲೆ ಕೋಪ ಮಾಡಿಕೊಳ್ಳಬಾರದು.

‘ಪರ್ಸೋನಾ 5’ ಬಂದಿದ್ದು 2016ರಲ್ಲಿ. ಅದು ಸರದಿಯ ಆಟವೇ. ಬೆಡಗೆಲ್ಲ ಮೆನುವಿನಲ್ಲಿದೆ. ಕೆಂಪು ಕಪ್ಪು ಪರದೆ, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದಂಥ ಓರೆ ಅಕ್ಷರ. ಶತ್ರುಗಳೆಲ್ಲ ಕೆಳಗೆ ಬಿದ್ದಾಗ ಇಡೀ ತಂಡ ಒಟ್ಟಿಗೆ ಮೇಲೆ ಬೀಳುತ್ತದೆ. ಕೊನೆಗೆ ಒಬ್ಬರು ಇತ್ತ ತಿರುಗಿ ಪೋಸು ಕೊಡುತ್ತಾರೆ. ಇದಕ್ಕೆ ‘ಗತ್ತು’ ಬಿಟ್ಟು ಬೇರೆ ಪದ ಹೊಳೆಯಲಿಲ್ಲ. ಬೇಕೂ ಇಲ್ಲ ಅನಿಸುತ್ತದೆ.

‘ಹದೆ’ಗೆ ಎದುರು ಪದ ‘ಜಿಮಿ’. 1986ರ ‘ಡ್ರ್ಯಾಗನ್ ಕ್ವೆಸ್ಟ್’ ಅಂಥದ್ದು: ಶತ್ರುವಿನ ಚಿತ್ರ ಸುಮ್ನೆ ನಿಂತಿರುತ್ತದೆ, ಕಾಳಗವೆಲ್ಲ ಪೆಟ್ಟಿಗೆಯೊಳಗಿನ ಅಕ್ಷರಗಳಲ್ಲಿ ನಡೆಯುತ್ತದೆ. ‘ಸಪ್ಪೆ’ ಅಂದರೆ ಅನ್ಯಾಯ. ‘ಮಟ್ಟಸ’ ಅನ್ನಬಹುದಾ?

ಉಳಿದಿರೋದು ಒಂದೇ, ಅದೇ ದೊಡ್ಡ ತಲೆನೋವು: ‘ಹಿಸ್ಸತ್ಸು ವಜಾ’. ಹೊಡೆದರೆ ಎದುರಾಳಿ ಉಳಿಯಲೇಬಾರದು, ಅಂಥ ಪಟ್ಟು. ಅವರ ‘ವಜಾ’ ಅಂದರೆ ಪಟ್ಟು; ನಮ್ಮ ‘ವಜಾ’ ಕೆಲಸದಿಂದ ತೆಗೆದು ಹಾಕೋದು. ಎರಡಕ್ಕೂ ಫಲ ಒಂದೇ ಅನ್ನಿ. ‘ಬ್ರಹ್ಮಾಸ್ತ್ರ’ವನ್ನು ಚುನಾವಣೆಯ ಸುದ್ದಿಗಳು ಸವೆಸಿಬಿಟ್ಟಿವೆ. ಮೈಸೂರಿನ ಕಡೆ ಗರಡಿಮನೆಯಲ್ಲಿ ಪಳಗಿದವರು ಯಾರಾದರೂ ಇದ್ದರೆ ಹೇಳಿ: ಪೈಲ್ವಾನ ಕೊನೆಗೆಂದು ಬಚ್ಚಿಟ್ಟುಕೊಂಡಿರುವ ಪಟ್ಟಿಗೆ ಅಖಾಡದಲ್ಲಿ ಬೇರೆ ಹೆಸರೇನಾದರೂ ಇದೆಯಾ?