ಚೆರ್ರಿ ಸಿಗಡಿ: ಸಣ್ಣವೆಲ್ಲ ಗಂಡೇನಾ? ಅಳತೆ ನೋಡಿ ಹೇಳಬಹುದಾ?

ಪಾಚಿಗುಂಡು:
ನಮಸ್ಕಾರ. 60 ಲೀಟರ್ ಟ್ಯಾಂಕಿನಲ್ಲಿ 12 ಕೆಂಪು ಚೆರ್ರಿ ಸಿಗಡಿಗಳಿವೆ. ಎಲ್ಲವನ್ನೂ ಒಂದೇ ದಿನ ಬಿಟ್ಟಿದ್ದು, ಎರಡೂವರೆ ತಿಂಗಳಾಯಿತು. ನಾಲ್ಕು ಮಾತ್ರ 2.8 ಸೆಂ.ಮೀ. ಹತ್ತಿರ ಬೆಳೆದು ಗಾಢ ಕೆಂಪಾಗಿವೆ. ಉಳಿದ ಎಂಟು 2 ಸೆಂ.ಮೀ. ದಾಟುತ್ತಿಲ್ಲ, ಬಣ್ಣವೂ ತೆಳು. ನೀರು 27 ಡಿಗ್ರಿ, ಜಿಎಚ್ (ನೀರಿನ ಗಡಸುತನ) 7, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) 210. ಈ ಎಂಟು ಗಂಡೋ, ಮರಿಯೋ, ಅಥವಾ ಬೆಳವಣಿಗೆಯೇ ನಿಂತುಹೋಗಿದೆಯೋ?

ಇನ್ನೊಂದು: ದೊಡ್ಡದೊಂದರ ಹೊಟ್ಟೆಯಡಿ ಎರಡು ಸಲ ಮೊಟ್ಟೆ ಕಂಡವು, ನಾಲ್ಕೈದು ದಿನಕ್ಕೇ ಮಾಯವಾದವು. ಗಂಡೇ ಇಲ್ಲ ಅಂತಲಾ? ಜೊತೆಗಿರುವ 3 ಅಮಾನೋ ಸಿಗಡಿಗಳಲ್ಲೂ ಒಂದು ಬಹಳ ದೊಡ್ಡದು.

ನೀರ್ಗಾಲು:
ಅಳತೆಯೊಂದನ್ನೇ ನಂಬಬೇಡಿ. ಬಲಿತ ಹೆಣ್ಣು ಚೆರ್ರಿ 2.5ರಿಂದ 3 ಸೆಂ.ಮೀ., ಬಲಿತ ಗಂಡು ಸುಮಾರು 2 ಸೆಂ.ಮೀ. ಅನ್ನುವುದು ಸರಿಯೇ. ಆದರೆ 2 ಸೆಂ.ಮೀ. ಇರುವ ಎಳೆ ಹೆಣ್ಣೂ ಅಷ್ಟೇ ಉದ್ದದ ಬಲಿತ ಗಂಡೂ ಮೇಲಿನಿಂದ ನೋಡಿದರೆ ಒಂದೇ ಥರ. 1.5 ಸೆಂ.ಮೀ. ಒಳಗಿನವನ್ನಂತೂ ಬರಿಗಣ್ಣಿನಲ್ಲಿ ವಿಂಗಡಿಸಲು ಹೋಗಲೇಬೇಡಿ.

ಪಕ್ಕದಿಂದ ನೋಡಬೇಕು. ಚಪ್ಪಟೆ ಗೋಡೆಯ ಸಣ್ಣ ಪಾರದರ್ಶಕ ಡಬ್ಬಿಗೆ ಅದೇ ಟ್ಯಾಂಕಿನ ನೀರು ತುಂಬಿ, ಒಂದೊಂದೇ ಸಿಗಡಿಯನ್ನು ಬಿಡಿ. ಡಬ್ಬಿಯ ಹಿಂದೆ ಗ್ರಾಫ್ ಹಾಳೆ ಅಂಟಿಸಿದರೆ ಉದ್ದವೂ ಸಿಗುತ್ತದೆ. ಅಳತೆ ಕಣ್ಣಿನಿಂದ ಬಾಲದ ತುದಿಗೆ ತೆಗೆಯಿರಿ, ಮೀಸೆ ಸೇರಿಸಬೇಡಿ. ಐದು ನಿಮಿಷದೊಳಗೆ ವಾಪಸ್ ಬಿಡಿ. ಅಷ್ಟು ಸ್ವಲ್ಪ ನೀರು ಬೇಗ ಬಿಸಿಯಾಗುತ್ತದೆ.

ಮೊದಲು ಹೊಟ್ಟೆಯ ಕೆಳಗೆರೆ ನೋಡಿ. ಹೆಣ್ಣಿಗೆ ಹೊಟ್ಟೆಯ ಪಕ್ಕದ ಚಿಪ್ಪುಗಳು ಮಾಡಿನ ಸೂರಿನ ಹಾಗೆ ಕೆಳಗಿಳಿದು ಈಜುಗಾಲುಗಳನ್ನು ಅರ್ಧ ಮುಚ್ಚಿರುತ್ತವೆ, ಆ ಗೆರೆ ಬಿಲ್ಲಿನಂತೆ ಬಾಗಿರುತ್ತದೆ. ಮೊಟ್ಟೆ ಹೊರುವ ಜಾಗ ಅದು. ಗಂಡಿನಲ್ಲಿ ಗೆರೆ ಬಹುತೇಕ ನೇರ, ಈಜುಗಾಲುಗಳು ಬುಡದವರೆಗೂ ಕಾಣುತ್ತವೆ, ಬಾಲದ ಕಡೆಗೆ ಮೈ ಸಣಕಲಾಗುತ್ತ ಹೋಗುತ್ತದೆ. ತಲೆಚಿಪ್ಪಿನ ಹಿಂಭಾಗದಲ್ಲಿ ಬೆನ್ನಿನ ಮೇಲೆ ಹಳದಿಯೋ ಹಸಿರೋ ಸ್ಯಾಡಲ್, ಅಂದರೆ ಕುದುರೆ ಜೀನಿನ ಆಕಾರದ ಮಚ್ಚೆ, ಕಂಡರೆ ಅದು ಹೆಣ್ಣೇ, ಅನುಮಾನ ಬೇಡ, ಅದು ಅಂಡಾಶಯ. ಕಾಣದಿದ್ದರೆ ಗಂಡು ಅಂತ ಮಾತ್ರ ತೀರ್ಮಾನಿಸಬೇಡಿ. ಈಗಷ್ಟೇ ಮೊಟ್ಟೆ ಕೆಳಗಿಳಿಸಿದ ಹೆಣ್ಣಿಗೆ ಸ್ಯಾಡಲ್ ಇರುವುದಿಲ್ಲ. ಗಾಢ ಬಣ್ಣದವುಗಳಲ್ಲಿ ಇದ್ದರೂ ಮುಚ್ಚಿಹೋಗಿರುತ್ತದೆ. ಹಿಂದಿನಿಂದ ಟಾರ್ಚ್ ಹಿಡಿದರೆ ಕೆಲವೊಮ್ಮೆ ಸಿಗುತ್ತದೆ.

ಪೊರೆಪಟ್ಟಿ:
ಮೇಲಿನ ಉತ್ತರಕ್ಕೆ ಒಂದು ಸೇರಿಸುತ್ತೇನೆ. ಪೂರ್ತಿ ಖಚಿತ ಬೇಕಿದ್ದರೆ ಸಿಗಡಿಯನ್ನು ಮುಟ್ಟಬೇಕಾಗಿಯೇ ಇಲ್ಲ, ಕಳಚಿದ ಪೊರೆ ಸಾಕು. ಬೇಗ ಎತ್ತಿಕೊಳ್ಳಿ, ಇಲ್ಲವಾದರೆ ಉಳಿದವು ತಿಂದುಬಿಡುತ್ತವೆ. ಬಿಳಿ ತಟ್ಟೆಯಲ್ಲಿ ಎರಡು ಚಮಚ ನೀರು ಹಾಕಿ, ಪೊರೆಯನ್ನು ಅಂಗಾತ ಮಲಗಿಸಿ, ಹೊಟ್ಟೆಯಡಿಯ ಐದು ಜೊತೆ ಈಜುಗಾಲುಗಳನ್ನು ಸೂಜಿಯಿಂದ ಬಿಡಿಸಿ. ತಲೆಯ ಕಡೆಯ ಮೊದಲ ಜೊತೆಯನ್ನು 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಪ್ರತಿ ಕಾಲಿಗೂ ಎರಡು ಕವಲು. ಒಳಗವಲು ಪೇರ್ ಹಣ್ಣಿನ ಹಾಗೆ ಉಬ್ಬಿ ಅಗಲವಾಗಿದ್ದರೆ ಗಂಡು, ಕಿರಿದಾದ ಎಲೆಯ ಹಾಗಿದ್ದರೆ ಹೆಣ್ಣು. ಎರಡನೇ ಜೊತೆಯಲ್ಲಿ ಗಂಡಿಗೆ ಮುಳ್ಳುಮುಳ್ಳಾದ ಪುಟ್ಟ ಕಡ್ಡಿಯೊಂದು ಇರುತ್ತದೆ, ಅದಕ್ಕೆ ಮೈಕ್ರೋಸ್ಕೋಪ್ ಬೇಕು. ಒಂದೇ ತೊಂದರೆ ಅಂದರೆ ಪೊರೆ ಯಾವ ಸಿಗಡಿಯದ್ದು ಅಂತ ಗೊತ್ತಾಗುವುದಿಲ್ಲ. ಆದರೆ ಟ್ಯಾಂಕಿನಲ್ಲಿ ಗಂಡು ಇದೆಯೋ ಇಲ್ಲವೋ ಅನ್ನುವ ನಿಮ್ಮ ಪ್ರಶ್ನೆಗೆ ಅಷ್ಟು ಸಾಲದೇ?

ಮೊಟ್ಟೆ ಮಾಯವಾಗುವುದಕ್ಕೆ ಗಂಡಿಲ್ಲದಿರುವುದು ಒಂದು ಕಾರಣ ಮಾತ್ರ. ಚೊಚ್ಚಲ ಹೆಣ್ಣುಗಳು ಮೊದಲ ಒಂದೆರಡು ಸಲ ಮೊಟ್ಟೆ ಉದುರಿಸುವುದು ತೀರಾ ಸಾಮಾನ್ಯ. ಒಮ್ಮೆಲೇ ಅರ್ಧ ಟ್ಯಾಂಕ್ ನೀರು ಬದಲಿಸಿದರೆ ಅವಧಿಗೆ ಮುಂಚೆಯೇ ಪೊರೆ ಕಳಚುತ್ತವೆ, ಮೊಟ್ಟೆ ಪೊರೆಗೇ ಅಂಟಿಕೊಂಡು ಹೋಗುತ್ತವೆ. ಹಾಗಾಗಿ ವಾರಕ್ಕೆ ಶೇ. 10ರಷ್ಟು ಸಾಕು, ಹೊಸ ನೀರಿನ ಟಿಡಿಎಸ್ ಮತ್ತು ಬಿಸಿ ಹಳೆಯದಕ್ಕೆ ಹೊಂದಿರಲಿ. ಎರಡು ವಾರ ದಾಟಿ ಮೊಟ್ಟೆಯೊಳಗೆ ಎರಡು ಕಪ್ಪು ಚುಕ್ಕೆ, ಅಂದರೆ ಮರಿಯ ಕಣ್ಣು, ಕಂಡರೆ ಗಂಡು ಕೆಲಸ ಮಾಡಿದೆ ಅಂತಲೇ.

ಹೆಣ್ಣು ಪೊರೆ ಕಳಚಿದ ಹೊತ್ತಿನಲ್ಲಿ ಗಮನವಿಟ್ಟು ನೋಡಿ. ಆಗ ನೀರಿಗೆ ಬರುವ ವಾಸನೆ ಹಿಡಿದು ಗಂಡುಗಳು ತಳ ಬಿಟ್ಟು ಗಾಜಿನುದ್ದಕ್ಕೂ ಹುಚ್ಚೆದ್ದು ಈಜಾಡುತ್ತವೆ. ನಿಮ್ಮ ಎಂಟರಲ್ಲಿ ಈಜಾಡುತ್ತಿರುವವು ಯಾವುವು ಅಂತ ಎಣಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ತಿಳಿಗೊಳ:
27 ಡಿಗ್ರಿ ನನಗೆ ಸರಿ ಕಾಣುತ್ತಿಲ್ಲ. ಬಿಸಿ ಹೆಚ್ಚಿದಷ್ಟೂ ಬೇಗ ಬಲಿಯುತ್ತವೆ, ಆದರೆ ಮೈ ಸಣ್ಣದಾಗಿಯೇ ಉಳಿಯುತ್ತದೆ, ಆಯಸ್ಸೂ ಕಡಿಮೆ. ಅದಕ್ಕಿಂತ ಮುಖ್ಯವಾದದ್ದು, ಚೆರ್ರಿಯಲ್ಲಿ ನೀರಿನ ಬಿಸಿಗೆ ತಕ್ಕಂತೆ ಗಂಡು–ಹೆಣ್ಣಿನ ಪ್ರಮಾಣ ಬದಲಾಗುತ್ತದೆ: ಬಿಸಿನೀರಿನಲ್ಲಿ ಬೆಳೆದ ಮರಿಗಳಲ್ಲಿ ಗಂಡು ಹೆಚ್ಚು, ತಂಪಿನಲ್ಲಿ ಹೆಣ್ಣು ಹೆಚ್ಚು. ಈಗಿರುವವು ಬದಲಾಗುವುದಿಲ್ಲ, ಮುಂದಿನ ಮರಿಗಳಿಗಾದರೂ 22–24ಕ್ಕೆ ಇಳಿಸಿ. ಒಂದೇ ದಿನ ಇಳಿಸಬೇಡಿ, ದಿನಕ್ಕೆ ಒಂದು ಡಿಗ್ರಿ ಸಾಕು. ಜಿಎಚ್, ಟಿಡಿಎಸ್ ಎರಡೂ ಚೆನ್ನಾಗಿವೆ, ಅವನ್ನು ಮುಟ್ಟಬೇಡಿ.

ಹೆಣ್ಣು ದೊಡ್ಡದು ಅನ್ನುವ ನಿಯಮ ಎಲ್ಲ ಸಿಹಿನೀರಿನ ಸಿಗಡಿಗೂ ಹೊಂದುವುದಿಲ್ಲ. ಚೆರ್ರಿಯಲ್ಲಿ ಗಂಡು ಹೆಣ್ಣಿಗಾಗಿ ಹೊಡೆದಾಡುವುದಿಲ್ಲ, ಮೊದಲು ಹುಡುಕಿದವನದೇ ಗೆಲುವು. ಅದಕ್ಕೆ ಹಗುರ ಮೈ ಸಾಕು. ಹೆಣ್ಣಿನ ಮೈ ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು. ಇಕ್ಕಳಗಾಲಿನ ಮ್ಯಾಕ್ರೊಬ್ರಾಕಿಯಂ ಜಾತಿಗಳಲ್ಲಿ ಹೊಡೆದಾಟವೇ ಮುಖ್ಯ, ಅಲ್ಲಿ ಗಂಡೇ ದೊಡ್ಡದು, ಇಕ್ಕಳವೂ ಉದ್ದ. ಸೋಸಿ ತಿನ್ನುವ ಬಿದಿರು ಸಿಗಡಿಯಲ್ಲಿ ಗಂಡಿನ ಮುಂದಿನ ನಡೆಗಾಲುಗಳು ಎದ್ದುಕಾಣುವಷ್ಟು ದಪ್ಪ.

ನಿಮ್ಮ ಅಮಾನೋಗಳ ಪಕ್ಕದ ಚುಕ್ಕೆ ನೋಡಿ. ಕೆಳಸಾಲಿನಲ್ಲಿ ಬಿಡಿಬಿಡಿ ಗುಂಡುಚುಕ್ಕೆ ಇದ್ದರೆ ಗಂಡು, ಚುಕ್ಕೆ ಎಳೆದು ಉದ್ದ ಗೆರೆಯಾಗಿದ್ದರೆ ಹೆಣ್ಣು. ಹೆಣ್ಣು 5 ಸೆಂ.ಮೀ.ವರೆಗೂ ಬೆಳೆಯುತ್ತದೆ. ಅದು ಮೊಟ್ಟೆ ಹೊತ್ತರೂ ಈ ಟ್ಯಾಂಕಿನಲ್ಲಿ ಮರಿ ಉಳಿಯುವುದಿಲ್ಲ, ಲಾರ್ವಾಗಳಿಗೆ ಉಪ್ಪುನೀರು ಬೇಕು.

ಪಾಚಿಗುಂಡು:
ಡಬ್ಬಿಯಲ್ಲಿಟ್ಟು ನೋಡಿದೆ. ಸಣ್ಣ ಎಂಟರಲ್ಲಿ ಐದಕ್ಕೆ ಕೆಳಗೆರೆ ನೇರ, ಎರಡಕ್ಕೆ ಸ್ವಲ್ಪ ಬಾಗಿದೆ. ಇನ್ನೊಂದಕ್ಕೆ ಬೆನ್ನುದ್ದಕ್ಕೂ, ತಲೆಯಿಂದ ಬಾಲದವರೆಗೆ, ತೆಳು ಹಳದಿ ಗೆರೆ ಇದೆ. ಅದೇ ಸ್ಯಾಡಲ್ಲಾ?

ನೀರ್ಗಾಲು:
ಅಲ್ಲ. ಸ್ಯಾಡಲ್ ತಲೆಚಿಪ್ಪಿನ ಅಡಿಯಲ್ಲೇ ಮುಗಿಯುತ್ತದೆ, ಬಾಲದವರೆಗೆ ಹೋಗುವುದಿಲ್ಲ. ನೀವು ಹೇಳುತ್ತಿರುವುದು ಬೆನ್ನುಗೆರೆ, ಬರೀ ಚರ್ಮದ ಬಣ್ಣ. ಅದಕ್ಕೂ ಕೆಳಗೆರೆಯನ್ನೇ ನೋಡಿ ನಿರ್ಧರಿಸಿ. ಬಾಗಿರುವ ಎರಡು ಎಳೆ ಹೆಣ್ಣುಗಳು. ಇನ್ನು ಮೂರ್ನಾಲ್ಕು ವಾರದಲ್ಲಿ ಸ್ಯಾಡಲ್ ಕಟ್ಟಬೇಕು. ಐದು ಗಂಡು, ಆರು ಹೆಣ್ಣು ಅಂದರೆ ಗಂಡು ಸಾಲದು ಅನ್ನುವ ಮಾತೇ ಇಲ್ಲ. ಬಿಸಿ ಇಳಿಸುವುದೊಂದನ್ನು ಮಾಡಿ, ಮುಂದಿನ ಮೊಟ್ಟೆ ಕಂಡ ದಿನಾಂಕ ಬರೆದಿಟ್ಟುಕೊಳ್ಳಿ. 23 ಡಿಗ್ರಿಯಲ್ಲಿ ಮರಿ ಬರಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ.