ಅಪ್‌ಡೇಟ್: ಗೊತ್ತಿಲ್ಲದ ಊರಿನ ಕಬಡ್ಡಿ ಅಂಕಣಕ್ಕೆ ದಾರಿ

ತೀರ್ಪುಗಾರನಾಗಿ ಹೋಗುವ ಊರುಗಳಲ್ಲಿ ಕಬಡ್ಡಿ ಅಂಕಣವನ್ನು ಹುಡುಕುವುದೇ ಕಷ್ಟವಾಗುತ್ತಿದೆ, ಏನು ಮಾಡಲಿ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಹೊಸಹಳ್ಳಿ ಎಂಬ ಹೆಸರಿನ ಊರುಗಳು ನಮ್ಮ ರಾಜ್ಯದಲ್ಲಿ ಹಲವಾರು ಇರುವುದರಿಂದ, ತಾಲ್ಲೂಕು ಮತ್ತು ಹೋಬಳಿಯನ್ನು ಕೇಳದೆ ಹೊರಡಬಾರದೆಂಬ ಸಲಹೆಯೇ ಹೆಚ್ಚು ಉಪಯೋಗಕ್ಕೆ ಬಂದಿತು. ಈಗ ಸಂಘಟಕರು ಅಂಕಣದ ಬಳಿಯೇ ನಿಂತು ವಾಟ್ಸಾಪ್‌ನಲ್ಲಿ ಲೊಕೇಶನ್ ಕಳುಹಿಸಬೇಕೆಂದು ಕೇಳಿಕೊಳ್ಳುತ್ತೇನೆ. ಏಕೆಂದರೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣವನ್ನು ಶಾಲೆಯ ಹಿಂಬದಿಯಲ್ಲೋ ಕೊಯ್ಲಾದ ಗದ್ದೆಯಲ್ಲೋ ಒಂದೆರಡು ದಿನದ ಮಟ್ಟಿಗೆ ಹಾಕಿರುತ್ತಾರೆ, ಅದು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ಮಲೆನಾಡಿನ ಕಡೆ ಹೋಗುವಾಗ ಗೂಗಲ್ ಮ್ಯಾಪ್ಸ್‌ನಲ್ಲಿ ಆ ಪ್ರದೇಶದ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳುತ್ತೇನೆ. ಕಳೆದ ಭಾನುವಾರ ಮುಕ್ಕಾಲು ಗಂಟೆ ಮುಂಚಿತವಾಗಿಯೇ ತಲುಪಿದೆ. ಕೊನೆಯ ಅರ್ಧ ಕಿಲೋಮೀಟರಿಗೆ ಮಾತ್ರ, ನಿಜ ಹೇಳಬೇಕೆಂದರೆ, ಮೈಕಿನ ಸದ್ದೇ ದಾರಿ ತೋರಿಸಿತು.